ಬದುಕಿದ ಇಲಿ, ಕಾಯುತ್ತಿರುವ ರೋಗಿ: ಹಾವಿನ ವಿಷದ ಹೊಸ ಸಂಶೋಧನೆಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಂಚಿಕೆಗಾಗಿ ಬಂದ ಪತ್ರಗಳಲ್ಲಿ ಹೆಚ್ಚಿನವು ಹಾವು ಕಡಿತವನ್ನೂ ಅದರ ಚಿಕಿತ್ಸೆಗಾಗಿ ನಡೆಯುತ್ತಿರುವ ಸಂಶೋಧನೆಯನ್ನೂ ಕುರಿತವು. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿದು ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಸತ್ತವರಲ್ಲಿ ಬಹುಪಾಲು ಹೊಲ, ತೋಟಗಳಲ್ಲಿ ದುಡಿಯುವ ಹಳ್ಳಿಯ ಜನ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಎಲ್ಲ ಹಾವುಗಳ ವಿಷಕ್ಕೂ ಒಂದೇ ಔಷಧಿ ಸಿಕ್ಕಿದೆ, ಇಲಿಗಳ ಮೇಲಿನ ಪ್ರಯೋಗ ಯಶಸ್ವಿಯಾಗಿದೆ ಎಂದು ಓದಿದೆ. ಇದು ನಿಜವೇ? ನಮ್ಮ ತಾಲ್ಲೂಕು ಆಸ್ಪತ್ರೆಗೆ ಇದು ಯಾವಾಗ ಬರಬಹುದು? (ಶಿರಸಿಯ ಅಡಿಕೆ ಬೆಳೆಗಾರರೊಬ್ಬರು)

ಉತ್ತರ: ಇಲಿಗಳು ಬದುಕಿದ್ದು ನಿಜ. ‘ಎಲ್ಲ ಹಾವುಗಳು’ ಎಂಬ ಮಾತು ನಿಜವಲ್ಲ. ನೀವು ಓದಿರುವುದು ಬಹುಶಃ ಕಳೆದ ಕೆಲವು ವರ್ಷಗಳಲ್ಲಿ ಒಂದರ ಹಿಂದೆ ಒಂದರಂತೆ ಬಂದ ಕೆಲವು ಸಂಶೋಧನೆಗಳಲ್ಲಿ ಯಾವುದಾದರೊಂದರ ವರದಿ ಇರಬೇಕು. ಅವುಗಳಲ್ಲಿ ಒಂದು ನಮ್ಮ ಬೆಂಗಳೂರಿಗೂ ಸೇರಿದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ, ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆ ಹಾಗೂ ಇಂಗ್ಲೆಂಡಿನ ಲಿವರ್‌ಪೂಲ್ ಉಷ್ಣವಲಯದ ವೈದ್ಯಕೀಯ ಶಾಲೆಯ ವಿಜ್ಞಾನಿಗಳ ಜೊತೆ ಸೇರಿ, 95ಮ್ಯಾಟ್5 ಎಂಬ ಪ್ರತಿಕಾಯದ, ಅಂದರೆ ವಿಷಕ್ಕೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನಿನ, ವಿವರಗಳನ್ನು 2024ರ ಫೆಬ್ರವರಿಯಲ್ಲಿ ಪ್ರಕಟಿಸಿತು. ನಾಗರಹಾವು, ಕಟ್ಟುಹಾವು, ಮಾಂಬಾ ಮೊದಲಾದವು ಒಂದೇ ಕುಟುಂಬದ ಹಾವುಗಳು. ಇವುಗಳ ವಿಷದಲ್ಲಿರುವ ‘ಮೂರು ಬೆರಳಿನ ಟಾಕ್ಸಿನ್’ ಎಂಬ ಪುಟ್ಟ ಪ್ರೋಟೀನುಗಳು, ನರದಿಂದ ಬರುವ ಸಂದೇಶವನ್ನು ಸ್ನಾಯುವಿನಲ್ಲಿ ಬರಮಾಡಿಕೊಳ್ಳುವ ಗ್ರಾಹಕಗಳಿಗೆ ಅಂಟಿಕೊಂಡು ಉಸಿರಾಟದ ಸ್ನಾಯುಗಳನ್ನು ನಿಷ್ಕ್ರಿಯಗೊಳಿಸುತ್ತವೆ. ಆ ಗ್ರಾಹಕ ಟಾಕ್ಸಿನ್‌ಗೆ ಕೂಡಿಕೊಳ್ಳುವ ರೀತಿಯನ್ನೇ ಬಹುಮಟ್ಟಿಗೆ ಅನುಕರಿಸಿ 95ಮ್ಯಾಟ್5 ಟಾಕ್ಸಿನ್ ಅನ್ನು ಮೊದಲೇ ಹಿಡಿದುಬಿಡುತ್ತದೆ. ಗ್ರಾಹಕದ ರಚನೆ ಬದಲಾಗದಿರುವವರೆಗೆ ಬೇರೆ ಬೇರೆ ಹಾವುಗಳ ಟಾಕ್ಸಿನ್‌ಗಳೂ ಆ ಭಾಗದಲ್ಲಿ ಹೆಚ್ಚು ಬದಲಾಗುವಂತಿಲ್ಲ. ಏಷ್ಯಾದ ನಾಗರ ಮತ್ತು ಕಟ್ಟುಹಾವಿನ ಪ್ರಭೇದಗಳ ವಿಷದಿಂದಲೂ ಆಫ್ರಿಕಾದ ಕಪ್ಪು ಮಾಂಬಾದ ವಿಷದಿಂದಲೂ ಒಂದೇ ಪ್ರತಿಕಾಯ ಇಲಿಗಳನ್ನು ಕಾಪಾಡಿದ್ದು ಈ ಕಾರಣಕ್ಕೆ.

2025ರ ಜನವರಿಯಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಬೇಕರ್ ಅವರ ಪ್ರಯೋಗಾಲಯ ಮತ್ತು ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಪ್ರಕೃತಿಯಲ್ಲಿ ಎಲ್ಲೂ ಇಲ್ಲದ ಹೊಸ ಪ್ರೋಟೀನುಗಳನ್ನು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿ ಇದೇ ಟಾಕ್ಸಿನ್‌ಗಳ ವಿರುದ್ಧ ಇಲಿಗಳಲ್ಲಿ ಪರೀಕ್ಷಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೇ ಹೆಚ್ಚು ಸದ್ದು ಮಾಡಿದ್ದು. ಅನೇಕ ವರ್ಷ ತನಗೆ ತಾನೇ ವಿಷ ಚುಚ್ಚಿಕೊಂಡಿದ್ದ ಅಮೆರಿಕದ ವ್ಯಕ್ತಿಯೊಬ್ಬರ ರಕ್ತದಿಂದ ಪಡೆದ ಎರಡು ಪ್ರತಿಕಾಯಗಳಿಗೆ ವಾರೆಸ್‌ಪ್ಲಾಡಿಬ್ ಎಂಬ ರಾಸಾಯನಿಕ ಔಷಧಿಯನ್ನು ಸೇರಿಸಿದಾಗ, ಪರೀಕ್ಷಿಸಿದ 19 ಪ್ರಭೇದಗಳಲ್ಲಿ 13ರ ವಿಷದಿಂದ ಇಲಿಗಳಿಗೆ ಪೂರ್ಣ ರಕ್ಷಣೆ, ಉಳಿದ 6ರಿಂದ ಭಾಗಶಃ ರಕ್ಷಣೆ ಸಿಕ್ಕಿತು. ಆ ವ್ಯಕ್ತಿ ಮಾಡಿಕೊಂಡಂಥ ಪ್ರಯೋಗವನ್ನು ಯಾರೂ ಯಾವ ಕಾರಣಕ್ಕೂ ಮಾಡಬಾರದು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಸುದ್ದಿ ಬರೆಯುವವರು ಮತ್ತೆ ಮತ್ತೆ ಬಿಟ್ಟುಬಿಡುವ ಸಂಗತಿಯೊಂದಿದೆ, ಅದು ನನ್ನನ್ನು ಬಹಳ ಕಾಡುತ್ತದೆ. ಆ 19 ಪ್ರಭೇದಗಳೆಲ್ಲವೂ ನಾಗರಹಾವಿನ ಕುಟುಂಬಕ್ಕೆ ಸೇರಿದವು. ಮಂಡಲದ ಹಾವು ಅವುಗಳಲ್ಲಿ ಒಂದೂ ಇಲ್ಲ. ಭಾರತದಲ್ಲಿ ಹಾವು ಕಡಿತದ ಪ್ರಕಟಿತ ವರದಿಗಳನ್ನು ಒಟ್ಟುಗೂಡಿಸಿ ನೋಡಿದಾಗ ಸುಮಾರು ಶೇ. 43ರಷ್ಟು ಕಡಿತಗಳಿಗೆ ಕಾರಣವಾಗಿ ಕಂಡದ್ದು ಕೊಳಕುಮಂಡಲ. ಅದರ ವಿಷ ನರಕ್ಕಿಂತ ಹೆಚ್ಚಾಗಿ ರಕ್ತವನ್ನೂ ಮೂತ್ರಪಿಂಡವನ್ನೂ ಕೆಡಿಸುವಂಥದ್ದು, ಅದರ ಟಾಕ್ಸಿನ್‌ಗಳ ಕುಲವೇ ಬೇರೆ. ಹಾಗಾಗಿ ನಿಮ್ಮ ತೋಟದಲ್ಲಿ ಅತಿ ಹೆಚ್ಚು ಅಪಾಯ ಒಡ್ಡುವ ಹಾವಿಗೆ ಈ ‘ಸಾರ್ವತ್ರಿಕ’ ಔಷಧಿ ಇನ್ನೂ ಉತ್ತರವಾಗಿಲ್ಲ. ಈ ಪ್ರತಿಕಾಯಗಳ ಬಗ್ಗೆ ಪ್ರಕಟವಾದ ಫಲಿತಾಂಶಗಳು ಇಲಿಗಳ ಹಂತದವು. ಮನುಷ್ಯರಲ್ಲಿ ಸುರಕ್ಷತೆ, ಪ್ರಮಾಣ, ಪರಿಣಾಮ ಎಂಬ ಪರೀಕ್ಷೆಗಳೆಲ್ಲ ಮುಗಿದ ಮೇಲೆಯೇ ಅವು ಆಸ್ಪತ್ರೆಗೆ ಬರಲು ಸಾಧ್ಯ. ಅಲ್ಲಿಯವರೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಈಗ ಸಿಗುವ ಪ್ರತಿವಿಷವೇ ಜೀವ ಉಳಿಸುವ ಔಷಧಿ. ಅದಕ್ಕಾಗಿ ಒಂದು ನಿಮಿಷವನ್ನೂ ತಡ ಮಾಡಬೇಡಿ.

ಪ್ರಶ್ನೆ: ಇಲಿಯನ್ನು ಉಳಿಸಿದ ಔಷಧಿ ಮನುಷ್ಯನನ್ನು ಏಕೆ ಉಳಿಸಬಾರದು? ಎರಡೂ ಸಸ್ತನಿಗಳೇ ತಾನೆ? (ತುಮಕೂರಿನ ಪದವಿ ವಿದ್ಯಾರ್ಥಿ)

ಉತ್ತರ: ಈ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಪ್ರತಿವಿಷದ ಶಕ್ತಿಯನ್ನು ಅಳೆಯುವ ಪ್ರಯೋಗ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಸುಮಾರು 18ರಿಂದ 20 ಗ್ರಾಂ ತೂಗುವ ಬಿಳಿ ಇಲಿಗಳನ್ನು ಐದೈದರ ಗುಂಪುಗಳಾಗಿ ಮಾಡಿ, ಬಾಲದ ರಕ್ತನಾಳಕ್ಕೆ ಒಂದೊಂದು ಗುಂಪಿಗೆ ಒಂದೊಂದು ಪ್ರಮಾಣದ ವಿಷವನ್ನು ಚುಚ್ಚುತ್ತಾರೆ. 24 ಗಂಟೆಗಳಲ್ಲಿ ಅರ್ಧದಷ್ಟು ಇಲಿಗಳು ಸಾಯುವ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. ನಂತರ ಅದರ ಹಲವು ಪಟ್ಟು ವಿಷವನ್ನು ತೆಗೆದುಕೊಂಡು, ಪರೀಕ್ಷಾನಾಳದಲ್ಲಿ ಪ್ರತಿವಿಷದೊಂದಿಗೆ ಬೆರೆಸಿ, ದೇಹದ ಉಷ್ಣತೆಯಾದ 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಆ ಮಿಶ್ರಣವನ್ನು ಹೊಸ ಇಲಿಗಳಿಗೆ ಚುಚ್ಚುತ್ತಾರೆ. ಅರ್ಧದಷ್ಟು ಇಲಿಗಳನ್ನು ಉಳಿಸಲು ಎಷ್ಟು ಪ್ರತಿವಿಷ ಬೇಕಾಯಿತು ಎಂಬುದೇ ಆ ಔಷಧಿಯ ಶಕ್ತಿ.

ಬೆರೆಸಿಟ್ಟ ಆ ಅರ್ಧ ಗಂಟೆಯನ್ನು ಗಮನಿಸಿ. ಪ್ರತಿಕಾಯಕ್ಕೆ ಆಗ ಟಾಕ್ಸಿನ್ ಅನ್ನು ಹುಡುಕಿಕೊಂಡು ಹೋಗುವ ಕೆಲಸವೇ ಇರುವುದಿಲ್ಲ. ನಿಜವಾದ ಕಡಿತದಲ್ಲಿ ವಿಷ ಚರ್ಮದಡಿಯ ಅಂಗಾಂಶಕ್ಕೋ ಸ್ನಾಯುವಿಗೋ ಇಳಿದು, ಅಲ್ಲಿಂದ ನಿಧಾನವಾಗಿ ದುಗ್ಧನಾಳಗಳ ಮೂಲಕ ಹರಡುತ್ತಾ, ಗುರಿ ಅಂಗಗಳನ್ನು ತಲುಪಿದ ಎಷ್ಟೋ ಹೊತ್ತಿನ ಮೇಲೆ ಪ್ರತಿವಿಷ ರಕ್ತನಾಳದ ಮೂಲಕ ಒಳಬರುತ್ತದೆ. ಅಷ್ಟರಲ್ಲಿ ಪುಟ್ಟ ಟಾಕ್ಸಿನ್‌ಗಳು ರಕ್ತದಿಂದ ಅಂಗಾಂಶಕ್ಕೆ ನುಸುಳಿಬಿಟ್ಟಿರುತ್ತವೆ, ದೊಡ್ಡ ಗಾತ್ರದ ಪ್ರತಿಕಾಯಗಳಿಗೆ ಅಲ್ಲಿ ಪ್ರವೇಶ ಸುಲಭವಲ್ಲ. ಬೆರೆಸಿ ಚುಚ್ಚುವ ಪರೀಕ್ಷೆಯಲ್ಲಿ ಉತ್ತಮವೆನಿಸಿದ ಔಷಧಿ ಆಸ್ಪತ್ರೆಯಲ್ಲಿ ಸೋಲಬಹುದಾದದ್ದು ಇದರಿಂದಲೇ. ಒಮ್ಮೆ ತಯಾರಿಸಿದ ಔಷಧಿ ಇನ್ನೊಮ್ಮೆ ತಯಾರಿಸಿದ್ದಕ್ಕೆ ಸಮನಾಗಿದೆಯೇ ಎಂದು ನೋಡಲು ಆ ಪರೀಕ್ಷೆ ಯೋಗ್ಯವಾದದ್ದು. ರೋಗಿ ಬದುಕುತ್ತಾನೆಯೇ ಎಂದು ಅದನ್ನು ಕೇಳಬಾರದು.

ಆದ್ದರಿಂದಲೇ 95ಮ್ಯಾಟ್5 ಅಧ್ಯಯನದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಅಲ್ಲಿ ನಡೆದ ಇನ್ನೊಂದು ಪರೀಕ್ಷೆ. ಮೊದಲು ವಿಷ ಚುಚ್ಚಿ, 10 ಮತ್ತು 20 ನಿಮಿಷ ಕಳೆದ ಮೇಲೆ ಪ್ರತಿಕಾಯ ಕೊಟ್ಟರು; ಇಲಿಗಳು ಆಗಲೂ ಉಳಿದವು. ಈಗ ಬಳಕೆಯಲ್ಲಿರುವ ಮಾದರಿಯ ಪ್ರತಿವಿಷವನ್ನು 10 ನಿಮಿಷ ತಡವಾಗಿ ಕೊಟ್ಟಾಗಲೇ ಅದರ ಶಕ್ತಿ ಬಹಳಷ್ಟು ಕುಂದಿತ್ತು. ಇಲಿಯ ಪುಟ್ಟ ದೇಹದಲ್ಲಿ ವಿಷ ಬೇಗ ಹರಡುವುದರಿಂದ ಅದರ 10 ನಿಮಿಷ ನಮ್ಮ ಎಷ್ಟು ಹೊತ್ತಿಗೆ ಸಮ ಎಂದು ನೇರವಾಗಿ ಗುಣಿಸಲು ಬಾರದು. ಆದರೂ ಪ್ರಶ್ನೆಯನ್ನು ಸರಿಯಾದ ರೀತಿಯಲ್ಲಿ ಕೇಳಿದ ಪ್ರಯೋಗವದು.

ಪ್ರಾಣಿಯಿಂದ ಮನುಷ್ಯನಿಗೆ ದಾಟುವಾಗ ಏನಾಗುತ್ತದೆ ಎಂಬುದಕ್ಕೆ ವಾರೆಸ್‌ಪ್ಲಾಡಿಬ್ ಒಳ್ಳೆಯ ನಿದರ್ಶನ. ಬಹುತೇಕ ಹಾವುಗಳ ವಿಷದಲ್ಲಿರುವ ಫಾಸ್ಫೋಲಿಪೇಸ್ ಎಂಬ ಕಿಣ್ವವನ್ನು ಅದು ತಡೆಯುತ್ತದೆ, ಬಾಯಿಯ ಮೂಲಕ ಕೊಡಬಹುದಾದ ರೂಪದಲ್ಲಿಯೂ ಇದೆ, ಪ್ರಾಣಿಗಳಲ್ಲಿ ಅದರ ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು. ಭಾರತ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ ಹಾವು ಕಡಿದವರಿಗೆ ಎಂದಿನ ಚಿಕಿತ್ಸೆಯ ಜೊತೆಗೆ ಅದನ್ನು ಕೊಟ್ಟು ನೋಡಿದ ಪ್ರಯೋಗದ ವರದಿ 2024ರಲ್ಲಿ ಹೊರಬಂತು. ಒಟ್ಟು ರೋಗಿಗಳನ್ನು ತೆಗೆದುಕೊಂಡರೆ, ಮುಖ್ಯ ಅಳತೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕಡಿತವಾಗಿ 5 ಗಂಟೆಗಳೊಳಗೆ ಔಷಧಿ ಪಡೆದವರಲ್ಲಿ ಮಾತ್ರ ಲಾಭದ ಸೂಚನೆ ಇತ್ತು. ಇದನ್ನು ಸೋಲೆಂದು ಬದಿಗಿಡಬಾರದು. ಕಡಿದ ಜಾಗದಲ್ಲಿಯೇ ನುಂಗಬಹುದಾದ ಮಾತ್ರೆಯ ಯೋಚನೆಗೆ ಈ ಸೂಚನೆ ಬಲ ಕೊಡುತ್ತದೆ.

ಪ್ರಶ್ನೆ: ನಮ್ಮ ಅಣ್ಣನಿಗೆ ಕೊಳಕುಮಂಡಲ ಕಡಿದಾಗ 20ಕ್ಕೂ ಹೆಚ್ಚು ವಯಲ್ ಪ್ರತಿವಿಷ ಕೊಟ್ಟರು. ಆದರೂ ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಬೇಕಾಯಿತು. ಔಷಧಿ ಕಳಪೆಯಾಗಿತ್ತೇ? (ಹಿರಿಯೂರಿನ ಓದುಗರು)

ಉತ್ತರ: ನಿಮ್ಮ ಅಣ್ಣನವರು ಈಗ ಚೇತರಿಸಿಕೊಂಡಿದ್ದಾರೆಂದು ಭಾವಿಸುತ್ತೇನೆ. ಅಷ್ಟು ವಯಲ್‌ಗಳನ್ನು ಕೊಟ್ಟ ಮಾತ್ರಕ್ಕೆ ಔಷಧಿ ಕಳಪೆಯೆಂದು ಹೇಳಲಾಗದು, ಏಕೆಂದರೆ ಲೆಕ್ಕವೇ ಹಾಗಿದೆ. ನಮ್ಮ ದೇಶದ ಪ್ರತಿವಿಷದ ಒಂದು ಮಿಲಿಲೀಟರ್, ಕೊಳಕುಮಂಡಲದ 0.6 ಮಿಲಿಗ್ರಾಂ ವಿಷವನ್ನು ನಿಷ್ಕ್ರಿಯಗೊಳಿಸಬೇಕೆಂಬುದು ನಿಯಮ. ನಾಗರಹಾವಿಗೂ ಅಷ್ಟೇ, ಕಟ್ಟುಹಾವು ಮತ್ತು ಗರಗಸ ಮಂಡಲಕ್ಕೆ 0.45 ಮಿಲಿಗ್ರಾಂ. 10 ಮಿಲಿಲೀಟರಿನ ಒಂದು ವಯಲ್ ಆದ್ದರಿಂದ ಕೊಳಕುಮಂಡಲದ 6 ಮಿಲಿಗ್ರಾಂ ವಿಷಕ್ಕೆ ಸಾಕು. ಕೊಳಕುಮಂಡಲ ಒಂದು ಕಡಿತದಲ್ಲಿ ಸರಾಸರಿ 63 ಮಿಲಿಗ್ರಾಂ ವಿಷ ಇಳಿಸುತ್ತದೆಂಬ ಅಂದಾಜಿನ ಮೇಲೆ ಮೊದಲ ಕಂತು 10 ವಯಲ್‌ಗಳವರೆಗೆ ಹೋಗುತ್ತದೆ. ಅದಕ್ಕಿಂತ ಹೆಚ್ಚು ವಿಷ ಇಳಿದಿದ್ದರೆ ಮತ್ತೊಂದು ಕಂತು ಬೇಕಾಗುವುದು ಸಹಜ.

ಆ ಎರಡನೆಯ ಕಂತನ್ನು ನಿರ್ಧರಿಸುವುದು ಅತ್ಯಂತ ಸರಳವಾದ ಒಂದು ಪರೀಕ್ಷೆ. ರೋಗಿಯ 2 ಮಿಲಿಲೀಟರ್ ರಕ್ತವನ್ನು ಸ್ವಚ್ಛವಾದ, ಒಣಗಿದ ಗಾಜಿನ ನಳಿಕೆಯಲ್ಲಿ ತೆಗೆದುಕೊಂಡು, ಅಲುಗಾಡಿಸದೆ 20 ನಿಮಿಷ ಇಟ್ಟು, ನಂತರ ಒಮ್ಮೆ ವಾಲಿಸಿ ನೋಡುತ್ತಾರೆ. ಆರೋಗ್ಯವಂತರ ರಕ್ತ ಅಷ್ಟರಲ್ಲಿ ಗಟ್ಟಿಯಾಗಿರುತ್ತದೆ. ಕೊಳಕುಮಂಡಲದ ವಿಷ ಏರಿದವರ ರಕ್ತ ನೀರಿನಂತೆ ಹರಿಯುತ್ತದೆ, ಏಕೆಂದರೆ ಆ ವಿಷದಲ್ಲಿರುವ ಕಿಣ್ವಗಳು ಹೆಪ್ಪುಗಟ್ಟಿಸುವ ಅಂಶಗಳನ್ನು ದೇಹದೊಳಗೇ ಅಕಾಲದಲ್ಲಿ ಚುರುಕುಗೊಳಿಸಿ ಪೂರ್ತಿ ಖಾಲಿ ಮಾಡಿಬಿಟ್ಟಿರುತ್ತವೆ. ನಳಿಕೆ ಗಾಜಿನದೇ ಆಗಿರಬೇಕು, ಅದನ್ನು ಸೋಪಿನಿಂದ ತೊಳೆದಿರಬಾರದು. ಇವೆರಡರಲ್ಲಿ ತಪ್ಪಾದರೆ ಫಲಿತಾಂಶವೂ ತಪ್ಪುತ್ತದೆ. ಪ್ರತಿವಿಷ ಕೊಟ್ಟ ಮೇಲೆ ಯಕೃತ್ತು ಆ ಅಂಶಗಳನ್ನು ಮತ್ತೆ ತಯಾರಿಸಲು ಸುಮಾರು 6 ಗಂಟೆ ತೆಗೆದುಕೊಳ್ಳುವುದರಿಂದ ಪರೀಕ್ಷೆಯನ್ನು 6 ಗಂಟೆಗಳ ಅಂತರದಲ್ಲಿ ಮಾಡುತ್ತಾ ಹೋಗುತ್ತಾರೆ. ಮೂತ್ರಪಿಂಡಕ್ಕೆ ಆಗಲೇ ಆಗಿಹೋದ ಹಾನಿಯನ್ನು ಪ್ರತಿವಿಷ ಸರಿಪಡಿಸಲಾರದು. ರಕ್ತದಲ್ಲಿ ಉಳಿದಿರುವ ವಿಷವನ್ನಷ್ಟೇ ಅದು ಹಿಡಿಯಬಲ್ಲದು; ಮೂತ್ರಪಿಂಡ ಚೇತರಿಸಿಕೊಳ್ಳುವವರೆಗೆ ಡಯಾಲಿಸಿಸ್ ಬೇಕಾಗುತ್ತದೆ.

ಇಷ್ಟಾದರೂ ನಿಮ್ಮ ಸಂಶಯದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಪ್ರತಿವಿಷ ತಯಾರಿಸಲು ಕುದುರೆಗಳಿಗೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚುವ ಪ್ರಮಾಣದಲ್ಲಿ ವಿಷ ಚುಚ್ಚಿ, ಅವುಗಳ ರಕ್ತದಲ್ಲಿ ಬೆಳೆದ ಪ್ರತಿಕಾಯಗಳನ್ನು ಬೇರ್ಪಡಿಸುತ್ತಾರೆ. ಫ್ರಾನ್ಸಿನಲ್ಲಿ 1890ರ ದಶಕದಲ್ಲಿ ಆಲ್ಬರ್ಟ್ ಕಾಲ್ಮೆಟ್ ಮತ್ತಿತರರು ರೂಪಿಸಿದ ಈ ವಿಧಾನ ಮೂಲದಲ್ಲಿ ಇಂದಿಗೂ ಬದಲಾಗಿಲ್ಲ. ಕುದುರೆ ಯಾವ ವಿಷವನ್ನು ಕಂಡಿದೆಯೋ ಅದಕ್ಕೆ ಮಾತ್ರ ಪ್ರತಿಕಾಯ ಕೊಡುತ್ತದೆ. ನಮ್ಮ ದೇಶದ ತಯಾರಕರಿಗೆ ಬೇಕಾದ ವಿಷದ ಬಹುಪಾಲು ಹಾವು ಹಿಡಿಯುವುದರಲ್ಲಿ ನುರಿತ ತಮಿಳುನಾಡಿನ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ, ಅಂದರೆ ಒಂದು ಸೀಮಿತ ಪ್ರದೇಶದ ಹಾವುಗಳಿಂದ ಬರುತ್ತದೆ. 1978ರಲ್ಲಿ ಸ್ಥಾಪನೆಯಾದ ಆ ಸಂಘದ ಸದಸ್ಯರ ಕೌಶಲಕ್ಕೆ ಈ ದೇಶ ಬಹಳವೇ ಋಣಿ. ಆದರೆ ಒಂದೇ ಪ್ರಭೇದದ ಹಾವಿನ ವಿಷವೂ ಊರಿನಿಂದ ಊರಿಗೆ ಬದಲಾಗುತ್ತದೆ. ಸುನಗರ್ ಅವರ ತಂಡ ದೇಶದ 34 ಸ್ಥಳಗಳ 115 ಕೊಳಕುಮಂಡಲಗಳ ವಿಷವನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ವ್ಯತ್ಯಾಸದ ಒಂದು ಭಾಗವನ್ನು ಸ್ಥಳೀಯ ಉಷ್ಣತೆ, ಮಳೆಗಳಿಂದ ವಿವರಿಸಬಹುದು. ಒಣ ಪ್ರದೇಶಗಳ ಹಾವುಗಳ ವಿಷದಲ್ಲಿ ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವಗಳ ಚಟುವಟಿಕೆ ಹೆಚ್ಚು. ಬೇರೆ ಬೇರೆ ಪ್ರದೇಶಗಳ ವಿಷವನ್ನು ಸೇರಿಸಿ, ಇಲ್ಲವೇ ಪ್ರದೇಶಕ್ಕೊಂದರಂತೆ ಪ್ರತಿವಿಷ ತಯಾರಿಸಬೇಕೆಂಬ ವಿಜ್ಞಾನಿಗಳ ಒತ್ತಾಯ ಹಳೆಯದು, ಹೊಸ ಪ್ರತಿಕಾಯಗಳಿಗೆ ಕಾಯದೆ ಈಗಲೇ ಮಾಡಬಹುದಾದ ಕೆಲಸವೂ ಹೌದು. ನನ್ನ ಮಟ್ಟಿಗೆ ಇದು ಯಾವ ಕಂಪ್ಯೂಟರ್ ವಿನ್ಯಾಸಕ್ಕಿಂತಲೂ ತುರ್ತಿನದು.

ಪ್ರಶ್ನೆ: ಚಿಕ್ಕ ಮಕ್ಕಳಿಗೆ ಪ್ರತಿವಿಷವನ್ನು ಕಡಿಮೆ ಕೊಡಬೇಕಲ್ಲವೇ? (ಹಾವೇರಿಯ ಅಂಗನವಾಡಿ ಕಾರ್ಯಕರ್ತೆ)

ಉತ್ತರ: ಇಲ್ಲ. ಹಾವು ಮಗುವಿನ ತೂಕ ನೋಡಿ ವಿಷ ಇಳಿಸುವುದಿಲ್ಲ. ಪ್ರತಿವಿಷ ತಟಸ್ಥಗೊಳಿಸಬೇಕಾದದ್ದು ಅದೇ ವಿಷವನ್ನು. ಆದ್ದರಿಂದ ಮಗುವಿಗೂ ದೊಡ್ಡವರಷ್ಟೇ ವಯಲ್‌ಗಳು ಬೇಕು. ಡ್ರಿಪ್‌ನಲ್ಲಿ ಬೆರೆಸುವ ದ್ರವದ ಪ್ರಮಾಣವನ್ನು ಮಾತ್ರ ವೈದ್ಯರು ಮಗುವಿನ ತೂಕಕ್ಕೆ ತಕ್ಕಂತೆ ಕಡಿಮೆ ಮಾಡುತ್ತಾರೆ.

ಪ್ರಶ್ನೆ: ನೆಲದ ಮೇಲೆ ಮಲಗಿದ್ದ ನಮ್ಮ ಸಂಬಂಧಿಕರೊಬ್ಬರಿಗೆ ನಸುಕಿನಲ್ಲಿ ಹೊಟ್ಟೆನೋವು ಶುರುವಾಯಿತು, ಕಡಿದ ಗುರುತು ಎಲ್ಲೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ರೆಪ್ಪೆ ಮೇಲೆತ್ತಲು ಆಗಲಿಲ್ಲ. ಕಟ್ಟುಹಾವಿನ ಕಡಿತವೆಂದು ಪ್ರತಿವಿಷ ಕೊಟ್ಟರೂ ಹಲವು ದಿನ ವೆಂಟಿಲೇಟರಿನಲ್ಲಿ ಇಡಬೇಕಾಯಿತು. ಔಷಧಿ ಏಕೆ ಕೂಡಲೇ ಕೆಲಸ ಮಾಡಲಿಲ್ಲ? (ಸಿಂಧನೂರಿನ ಓದುಗರು)

ಉತ್ತರ: ಇದಕ್ಕೆ ಸ್ಪಷ್ಟವಾದ ಉತ್ತರ ನಮಗೆ ಸಿಕ್ಕಿರುವುದೇ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ. ನಾಗರಹಾವಿನ ಮುಖ್ಯ ನರಟಾಕ್ಸಿನ್ ಸ್ನಾಯುವಿನ ಬದಿಯಲ್ಲಿರುವ ಗ್ರಾಹಕವನ್ನು ಮುಚ್ಚುತ್ತದೆ. ಕಟ್ಟುಹಾವಿನ ವಿಷದಲ್ಲಿ ಅಂಥ ಟಾಕ್ಸಿನ್‌ಗಳ ಜೊತೆಗೆ ಬೀಟಾ-ಬಂಗಾರೋಟಾಕ್ಸಿನ್ ಎಂಬುದೂ ಇದೆ, ಅದು ನರದ ತುದಿಯೊಳಗೇ ಕೈಹಾಕುತ್ತದೆ. ಸಂದೇಶದ ರಾಸಾಯನಿಕವನ್ನು ತುಂಬಿಕೊಂಡಿರುವ ಪುಟ್ಟ ಚೀಲಗಳು ಮೊದಲು ಬರಿದಾಗುತ್ತವೆ, ನಂತರ ನರದ ತುದಿಯೇ ನಾಶವಾಗುತ್ತದೆ. ಪ್ರಯೋಗಾಲಯದ ಇಲಿ, ಹೆಗ್ಗಣಗಳ ಸ್ನಾಯುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹಂತಹಂತವಾಗಿ ನೋಡಿದಾಗ ಈ ನಾಶವೂ ಕಂಡಿತು, ಕೆಲವು ದಿನಗಳಲ್ಲಿ ನರದ ತುದಿಗಳು ಮತ್ತೆ ಬೆಳೆದು ಸ್ನಾಯುವನ್ನು ಕೂಡಿಕೊಳ್ಳುವುದೂ ಕಂಡಿತು. ನಾಶವಾದ ತುದಿಯನ್ನು ಪ್ರತಿವಿಷ ಮರಳಿ ಕಟ್ಟಲಾರದು. ದೇಹ ಆ ಕೆಲಸ ಮುಗಿಸುವವರೆಗೆ ವೆಂಟಿಲೇಟರ್ ಉಸಿರಾಡಿಸಬೇಕು, ಅಷ್ಟು ದಿನ ಉಸಿರಾಡಿಸಿದರೆ ಬಹುಪಾಲು ರೋಗಿಗಳು ಪೂರ್ತಿ ಗುಣವಾಗುತ್ತಾರೆ. ವಿಷ ದೇಹದಲ್ಲಿ ಏನು ಮಾಡುತ್ತದೆ ಎಂದು ಕೇಳಿದರೆ ಪ್ರಾಣಿಗಳು ಹೀಗೆ ನಂಬಬಹುದಾದ ಉತ್ತರ ಕೊಡುತ್ತವೆ. ಔಷಧಿ ಮನುಷ್ಯನಲ್ಲಿ ಎಷ್ಟು ತಡವಾದರೂ ಫಲಿಸುತ್ತದೆ ಎಂದು ಕೇಳಿದಾಗ ಅವುಗಳ ಉತ್ತರವನ್ನು ಎಚ್ಚರಿಕೆಯಿಂದ ತೆಗೆದುಕೊಳ್ಳಬೇಕು.

ಕಟ್ಟುಹಾವು ರಾತ್ರಿಯ ಹೊತ್ತು, ನೆಲದ ಮೇಲೆ ಮಲಗಿದವರನ್ನು ಕಡಿಯುವುದು ಹೆಚ್ಚು, ಕಡಿತದಲ್ಲಿ ನೋವು ಬಾವು ಇರುವುದೇ ಅಪರೂಪ. ಮಂಚ ಮತ್ತು ಹಾಸಿಗೆಯಡಿಗೆ ಸಿಕ್ಕಿಸಿದ ಸೊಳ್ಳೆಪರದೆ ಇದಕ್ಕೆ ಒಳ್ಳೆಯ ರಕ್ಷಣೆ. ಬೆಳಗಿನ ಜಾವದ ಹೊಟ್ಟೆನೋವಿನ ಜೊತೆ ರೆಪ್ಪೆ ಜೋತುಬಿದ್ದರೆ, ನುಂಗಲು ಕಷ್ಟವಾದರೆ, ಗುರುತು ಇಲ್ಲದಿದ್ದರೂ ವೆಂಟಿಲೇಟರ್ ಇರುವ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಮುಟ್ಟಿದರೆ ಮುನಿ ಮೊದಲಾದ ಗಿಡಗಳ ಸಾರ ಹಾವಿನ ವಿಷವನ್ನು ತಡೆಯುತ್ತದೆಂದು ವಿಜ್ಞಾನ ಪತ್ರಿಕೆಗಳಲ್ಲಿಯೇ ಬಂದಿದೆ. ಹಾಗಿದ್ದರೆ ನಾಟಿ ಔಷಧಿಯನ್ನು ವೈದ್ಯರು ಏಕೆ ಬೇಡವೆನ್ನುತ್ತಾರೆ? (ತೀರ್ಥಹಳ್ಳಿಯ ನಿವೃತ್ತ ಶಿಕ್ಷಕರು)

ಉತ್ತರ: ಅಂಥ ಪ್ರಬಂಧಗಳು ಪ್ರಕಟವಾಗಿರುವುದು ನಿಜ, ಅವುಗಳನ್ನು ಬರೆದವರು ಪ್ರಾಮಾಣಿಕರೇ. ಆದರೆ ಮೇಲೆ ತುಮಕೂರಿನ ವಿದ್ಯಾರ್ಥಿಗೆ ವಿವರಿಸಿದ ಬೆರೆಸಿಡುವ ಕ್ರಮವನ್ನು ಇಲ್ಲಿ ಮತ್ತೆ ನೆನಪಿಸಿಕೊಳ್ಳಿ. ಈ ಅಧ್ಯಯನಗಳಲ್ಲಿ ಹೆಚ್ಚಿನವು ಗಿಡದ ಸಾರವನ್ನು ವಿಷದೊಂದಿಗೆ ಮೊದಲೇ ಬೆರೆಸಿ ಪರೀಕ್ಷಿಸಿದವು. ಅನೇಕ ಗಿಡಗಳ ಬೇರು, ತೊಗಟೆಗಳಲ್ಲಿ ಟ್ಯಾನಿನ್ ಎಂಬ ಒಗರಿನ ಪದಾರ್ಥ ಹೇರಳವಾಗಿದೆ. ಅದು ಎದುರಿಗೆ ಸಿಕ್ಕ ಪ್ರೋಟೀನುಗಳಿಗೆಲ್ಲ ಅಂಟಿಕೊಂಡು ಅವುಗಳನ್ನು ತಳಕ್ಕಿಳಿಸುತ್ತದೆ. ವಿಷವೂ ಬಹುಪಾಲು ಪ್ರೋಟೀನೇ ಆದ್ದರಿಂದ ಪರೀಕ್ಷಾನಾಳದಲ್ಲಿ ಅದು ಶಕ್ತಿ ಕಳೆದುಕೊಳ್ಳುತ್ತದೆ. ಕಾಲಿನಲ್ಲಿ ಕಡಿತವಾದವರು ಆ ಸಾರವನ್ನು ಕುಡಿದರೆ ಅಥವಾ ಗಾಯಕ್ಕೆ ಹಚ್ಚಿದರೆ, ರಕ್ತದಲ್ಲಿ ಹರಿಯುತ್ತಿರುವ ವಿಷವನ್ನು ಅದು ಸೇರುವ ದಾರಿಯೇ ಇಲ್ಲ. ನಾಟಿ ಔಷಧಿ ಪಡೆದು ಉಳಿದವರಲ್ಲಿ ಅನೇಕರಿಗೆ ಕಡಿದದ್ದು ವಿಷವಿಲ್ಲದ ಹಾವಾಗಿರುತ್ತದೆ, ಇಲ್ಲವೇ ವಿಷದ ಹಾವೇ ವಿಷ ಇಳಿಸದೆ ಕಡಿದಿರುತ್ತದೆ. ಗಿಡಗಳ ಮೇಲಿನ ಸಂಶೋಧನೆ ಮುಂದುವರಿಯಲಿ, ಆದರೆ ನಾಟಿ ವೈದ್ಯರ ಮನೆಯಲ್ಲಿ ಕಳೆಯುವ ಎರಡು ಗಂಟೆ ರೋಗಿಯ ಪಾಲಿಗೆ ಮರಳಿ ಬರುವುದಿಲ್ಲ. ದಯವಿಟ್ಟು ನಿಮ್ಮ ಊರಿನಲ್ಲಿ ಈ ಮಾತನ್ನು ತಿಳಿಸಿ. ಶಿಕ್ಷಕರ ಮಾತನ್ನು ಜನ ಕೇಳುತ್ತಾರೆ.

ಪ್ರಶ್ನೆ: ಹಾವಿನ ವಿಷದಿಂದಲೇ ಔಷಧಿ ತಯಾರಿಸುತ್ತಾರೆ ಎಂಬುದು ನಿಜವೇ? (ಮಂಡ್ಯದ ಗೃಹಿಣಿಯೊಬ್ಬರು)

ಉತ್ತರ: ನಿಜ. ಬ್ರೆಜಿಲ್‌ನ ಜರರಾಕಾ ಎಂಬ ಮಂಡಲದ ಹಾವಿನ ವಿಷದಲ್ಲಿ ರಕ್ತದೊತ್ತಡ ಇಳಿಸುವ ಕ್ರಿಯೆಗೆ ಬಲ ಕೊಡುವ ಅಂಶವಿರುವುದನ್ನು ಸರ್ಜಿಯೋ ಫೆರೇರಾ 1965ರಲ್ಲಿ ತೋರಿಸಿದರು. ಅದರ ಜಾಡು ಹಿಡಿದು ತಯಾರಾದ ಕ್ಯಾಪ್ಟೊಪ್ರಿಲ್ ಎಂಬ ಮಾತ್ರೆಗೆ 1981ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನಿಮ್ಮ ಮನೆಯಲ್ಲಿ ಯಾರಾದರೂ ಬಿಪಿಗೆ ಎನಲಾಪ್ರಿಲ್ ಅಥವಾ ರಾಮಿಪ್ರಿಲ್ ತೆಗೆದುಕೊಳ್ಳುತ್ತಿದ್ದರೆ, ಅವು ಅದೇ ವಂಶದ ಔಷಧಿಗಳು. ಇನ್ನೊಂದು ಉದಾಹರಣೆ ನನಗೆ ಇನ್ನೂ ಹೆಚ್ಚು ಪ್ರಿಯವಾದದ್ದು. ತೈವಾನಿನ ಕಟ್ಟುಹಾವಿನ ವಿಷದಿಂದ 1963ರಲ್ಲಿ ಬೇರ್ಪಡಿಸಿದ ಆಲ್ಫಾ-ಬಂಗಾರೋಟಾಕ್ಸಿನ್ ಸ್ನಾಯುವಿನ ಗ್ರಾಹಕವನ್ನು ಬಿಡದೆ ಹಿಡಿಯುವುದರಿಂದ, ಆ ಗ್ರಾಹಕವನ್ನು ಮೊದಲ ಬಾರಿಗೆ ಗುರುತಿಸಿ ಬೇರ್ಪಡಿಸಲು ಅದೇ ಸಾಧನವಾಯಿತು. ವಿದ್ಯುತ್ ಮೀನಿನಿಂದ ಬೇರ್ಪಡಿಸಿದ ಗ್ರಾಹಕವನ್ನು 1973ರಲ್ಲಿ ಜಿಮ್ ಪ್ಯಾಟ್ರಿಕ್ ಮತ್ತು ಜಾನ್ ಲಿಂಡ್‌ಸ್ಟ್ರಾಮ್ ಮೊಲಗಳಿಗೆ ಚುಚ್ಚಿದಾಗ ಮೊಲಗಳ ಸ್ನಾಯುಗಳು ಸೋತು ಜೋತುಬಿದ್ದವು. ಮಯಸ್ತೇನಿಯಾ ಗ್ರೇವಿಸ್ ಎಂಬ ಸ್ನಾಯು ದೌರ್ಬಲ್ಯದ ರೋಗದಲ್ಲಿ ದೇಹ ತನ್ನದೇ ಗ್ರಾಹಕಗಳ ಮೇಲೆ ದಾಳಿ ಮಾಡುತ್ತದೆಂಬುದು ತಿಳಿದದ್ದು ಹೀಗೆ. ಇಂದು ಆ ರೋಗಿಗಳಿಗೆ ಕೊಡುವ ಚಿಕಿತ್ಸೆ ಆ ತಿಳಿವಳಿಕೆಯ ಮೇಲೆ ನಿಂತಿದೆ. ನೀವು ಪತ್ರದಲ್ಲಿ ಬರೆದಿರುವ, ನಾಗರ ವಿಷ ಕ್ಯಾನ್ಸರ್ ಗುಣಪಡಿಸುತ್ತದೆಂಬ ವಾಟ್ಸಾಪ್ ಸಂದೇಶಕ್ಕೆ ಮಾತ್ರ ಆಧಾರವಿಲ್ಲ. ಜೀವಕೋಶಗಳನ್ನು ಕೊಲ್ಲುವ ವಿಷ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನೂ ಕೊಲ್ಲುತ್ತದೆ, ಆರೋಗ್ಯವಂತ ಕೋಶಗಳನ್ನೂ ಕೊಲ್ಲುತ್ತದೆ.

ಪ್ರಶ್ನೆ: ಇಷ್ಟೆಲ್ಲ ಇಲಿಗಳೂ ಕುದುರೆಗಳೂ ನರಳುವುದು ಸರಿಯೇ? ಬೇರೆ ದಾರಿಯಿಲ್ಲವೇ? (ಮೈಸೂರಿನ ಓದು ಮುಗಿಸಿರುವ ಯುವತಿ)

ಉತ್ತರ: ನಿಮ್ಮ ಸಂಕಟ ನನ್ನದೂ ಹೌದು. ವಿಷ ಏರಿದ ಇಲಿಯ ಸಾವು ಸುಲಭದ್ದಲ್ಲ. ಪ್ರಾಣಿ ಪ್ರಯೋಗದಲ್ಲಿ ಬದಲಿ ವಿಧಾನ ಹುಡುಕಬೇಕು, ಸಂಖ್ಯೆ ತಗ್ಗಿಸಬೇಕು, ನೋವು ಕಡಿಮೆ ಮಾಡಬೇಕು ಎಂಬ ಮೂರು ಸೂತ್ರಗಳನ್ನು ಇಂಗ್ಲೆಂಡಿನ ವಿಲಿಯಂ ರಸೆಲ್ ಮತ್ತು ರೆಕ್ಸ್ ಬರ್ಚ್ 1959ರಲ್ಲಿಯೇ ಮಂಡಿಸಿದ್ದರು. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಪ್ರಯೋಗಗಳಿಗೆ ಪೂರ್ವಾನುಮತಿ ಬೇಕು. 2023ರ ಮಾರ್ಚ್‌ನಲ್ಲಿ ತಿದ್ದುಪಡಿಯಾದ ಹೊಸ ಔಷಧಿಗಳ ನಿಯಮಗಳು ಪ್ರಾಣಿಗಳ ಬದಲು ಮಾನವ ಜೀವಕೋಶಗಳ ಮಾದರಿ, ಕಂಪ್ಯೂಟರ್ ಮಾದರಿ ಮೊದಲಾದವುಗಳ ಫಲಿತಾಂಶಕ್ಕೂ ಅವಕಾಶ ಕೊಟ್ಟಿವೆ. ವಿಷದ ವಿಷಯದಲ್ಲಿ ಬದಲಿ ವಿಧಾನಗಳು ಅರ್ಧ ದಾರಿ ಬಂದಿವೆ. ಮಂಡಲದ ವಿಷ ರಕ್ತವನ್ನು ಹೇಗೆ ಕೆಡಿಸುತ್ತದೆ, ಔಷಧಿ ಅದನ್ನು ತಡೆಯುತ್ತದೆಯೇ ಎಂಬುದನ್ನು ನಳಿಕೆಯಲ್ಲಿರುವ ಮಾನವ ಪ್ಲಾಸ್ಮಾದಲ್ಲಿಯೇ ಅಳೆಯಬಹುದು. ನರಟಾಕ್ಸಿನ್ ಗ್ರಾಹಕವನ್ನು ಹಿಡಿಯುವುದನ್ನೂ ಹೊರಗೇ ಅಳೆಯಬಹುದು. ಹೀಗೆ ಸೋಸಿ, ಉತ್ತಮವಾದ ಕೆಲವನ್ನು ಮಾತ್ರ ಇಲಿಗಳವರೆಗೆ ತಂದರೆ ಸಾಯುವ ಪ್ರಾಣಿಗಳ ಸಂಖ್ಯೆ ಬಹಳ ತಗ್ಗುತ್ತದೆ. ಪ್ರತಿಕಾಯವನ್ನು ಪ್ರಯೋಗಾಲಯದ ಕೋಶಗಳಲ್ಲಿ ಬೆಳೆಸಿದರೆ ಕುದುರೆಗಳಿಗೆ ವಿಷ ಚುಚ್ಚುವ ಅಗತ್ಯವೂ ಮುಂದೊಂದು ದಿನ ಇಲ್ಲವಾಗಬಹುದು. ನೂರಾರು ಟಾಕ್ಸಿನ್‌ಗಳು ಒಂದು ಇಡೀ ದೇಹದಲ್ಲಿ ಒಟ್ಟಿಗೆ ಮಾಡುವ ಹಾನಿಯನ್ನು ತೋರಿಸಬಲ್ಲ ಬದಲಿ ಮಾತ್ರ ಇನ್ನೂ ಸಿಕ್ಕಿಲ್ಲ. ಹಾಗಾಗಿ ಇಲಿ ಇಂದು ಬೇಕು. ಆದರೆ ನೋವು ನಿವಾರಕ ಕೊಡದೆ ಅದನ್ನು 24 ಗಂಟೆ ನರಳಲು ಬಿಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ನೋವು ನಿವಾರಕದ ಬಳಕೆಯನ್ನು ಶಿಫಾರಸು ಮಾಡುತ್ತದೆ.

ಪ್ರಶ್ನೆ: ನಮ್ಮ ಕಾಫಿ ತೋಟದ ಕಾರ್ಮಿಕರೊಬ್ಬರಿಗೆ ತರಗೆಲೆಯಲ್ಲಿದ್ದ ಚಿಕ್ಕ ಕಂದು ಹಾವು ಕಡಿದು ಕೈ ಬಾತುಕೊಂಡಿತು. ಇದಕ್ಕೆ ಪ್ರತಿವಿಷವೇ ಇಲ್ಲವೆಂದರು. ಹಾಗೂ ಉಂಟೇ? ಕಡಿತವನ್ನು ಸರ್ಕಾರಕ್ಕೆ ವರದಿ ಮಾಡುವುದರಿಂದ ಏನು ಪ್ರಯೋಜನ? (ಸೋಮವಾರಪೇಟೆಯ ಬೆಳೆಗಾರರು)

ಉತ್ತರ: ನಿಮ್ಮ ವಿವರಣೆ ನೋಡಿದರೆ ಅದು ಮೂತಿಯ ತುದಿ ಉಬ್ಬಿರುವ ಗುಳಿಮಂಡಲವಿರಬಹುದು, ಪಶ್ಚಿಮ ಘಟ್ಟಗಳಲ್ಲಿಯೂ ಶ್ರೀಲಂಕಾದಲ್ಲಿಯೂ ಇದೆ. ನಮ್ಮ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ ತಯಾರಾದದ್ದರಿಂದ ಗುಳಿಮಂಡಲದ ವಿಷವನ್ನು ಅದು ಹಿಡಿಯುವುದಿಲ್ಲ. ಹೆಚ್ಚಿನವರಲ್ಲಿ ಬಾವು ನೋವುಗಳಲ್ಲಿಯೇ ಮುಗಿಯುತ್ತದೆ, ಕೆಲವರಲ್ಲಿ ರಕ್ತ ಹೆಪ್ಪುಗಟ್ಟದಿರುವುದೂ ಮೂತ್ರಪಿಂಡ ಕೆಡುವುದೂ ಉಂಟು. ಆದ್ದರಿಂದ ಪ್ರತಿವಿಷ ಇಲ್ಲವೆಂದು ಮನೆಗೆ ಕರೆತರದೆ ಆಸ್ಪತ್ರೆಯ ನಿಗಾದಲ್ಲಿ ಇರಿಸಬೇಕು.

ಹಾವು ಕಡಿತವನ್ನು ಕರ್ನಾಟಕ 2024ರ ಫೆಬ್ರವರಿಯಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಮುಂದಿನ ತಿಂಗಳೇ ಕೇಂದ್ರ ಸರ್ಕಾರ, 2030ರೊಳಗೆ ಸಾವುಗಳನ್ನು ಅರ್ಧಕ್ಕೆ ಇಳಿಸುವ ಗುರಿಯ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಪ್ರಕಟಿಸಿತು. ಯಾವ ಹೋಬಳಿಯಲ್ಲಿ ಯಾವ ಹಾವು ಎಷ್ಟು ಜನರನ್ನು ಕಡಿಯುತ್ತಿದೆ ಎಂಬುದು ತಿಳಿದರೆ ಮಾತ್ರ ಮುಂದಿನ ಪ್ರತಿವಿಷದಲ್ಲಿ ಯಾವ ವಿಷ ಸೇರಬೇಕೆಂಬುದನ್ನು ನಿರ್ಧರಿಸಬಹುದು. ನಿಮ್ಮ ತೋಟದ ಗುಳಿಮಂಡಲ ಈವರೆಗೆ ಹೊರಗುಳಿದದ್ದಕ್ಕೆ ಅಂಥ ಲೆಕ್ಕದ ಕೊರತೆಯೂ ಒಂದು ಕಾರಣ. ಹಾವನ್ನು ಹಿಡಿಯಲು, ಕೊಲ್ಲಲು ಹೋಗಬೇಡಿ, ಅದರಿಂದ ಎರಡನೆಯವರಿಗೂ ಕಡಿತವಾದ ಪ್ರಸಂಗಗಳಿವೆ. ಕಡಿತವಾದ ಕೈಕಾಲನ್ನು ಅಲುಗಾಡಿಸದಂತೆ ಇರಿಸಿ, ಬಿಗಿಯಾಗಿ ಕಟ್ಟದೆ, ಕೊಯ್ಯದೆ, ಉಂಗುರ ಬಳೆಗಳನ್ನು ತೆಗೆದು, 108ಕ್ಕೆ ಕರೆ ಮಾಡಿ. ದೂರದಿಂದ ಮೊಬೈಲಿನಲ್ಲಿ ಚಿತ್ರ ಸಿಕ್ಕಿದ್ದರೆ ವೈದ್ಯರಿಗೆ ತೋರಿಸಿ. ಹಾವಿನ ಹೆಸರು ಗೊತ್ತಿಲ್ಲದಿದ್ದರೆ ಊಹಿಸಿ ನಾಗರವೆಂದೋ ಮಂಡಲವೆಂದೋ ಹೇಳಬೇಡಿ, ‘ಗೊತ್ತಿಲ್ಲ’ ಎಂದೇ ದಾಖಲೆಯಲ್ಲಿ ಬರೆಸಿ.